ಚುಟ್ಟಿ ಒಣಗಲು ಬೇಕಾದ ರಾತ್ರಿ

ಯಕ್ಷಗಾನದ ತೆಂಕುತಿಟ್ಟಿನಲ್ಲಿ, ಅಂದರೆ ಅದರ ದಕ್ಷಿಣದ ಶೈಲಿಯಲ್ಲಿ, ರಾಕ್ಷಸನ ಬಣ್ಣದ ವೇಷ ಶುರುವಾಗುವುದು ಮಧ್ಯಾಹ್ನ ಮೂರು ಗಂಟೆಗೆ, ಎರಡು ಮುಷ್ಟಿ ಬೆಳ್ತಿಗೆ ಅಕ್ಕಿಯನ್ನು ನೀರಿಗೆ ಹಾಕುವಲ್ಲಿಂದ. ಊಟಕ್ಕೆ ನಮ್ಮ ಕಡೆ ಕುಚ್ಚಲಕ್ಕಿಯೇ ಆದರೂ ಚುಟ್ಟಿಗೆ, ಅಂದರೆ ಮುಖದ ಮೇಲೆ ಹಿಟ್ಟಿನಿಂದ ಎಬ್ಬಿಸುವ ಬಿಳಿ ಮುಳ್ಳುಗಳ ಸಾಲಿಗೆ, ಅದು ಆಗುವುದಿಲ್ಲ. ಒಮ್ಮೆ ಬೆಂದ ಅಕ್ಕಿ ಅದು, ಎಷ್ಟು ಅರೆದರೂ ತರಿ ತರಿ, ಬಣ್ಣವೂ ಮಾಸಲು. ಬೆಳ್ತಿಗೆಯಲ್ಲೂ ತೀರಾ ಹಳೆಯದು ಬೇಡ, ಅಂಟು ಕಡಿಮೆ. ಆ ವರ್ಷದ ಹೊಸ ಅಕ್ಕಿ ಸಿಕ್ಕಿದರೆ ಒಳ್ಳೆಯದು.

ಮೂರು ತಾಸು ನೆನೆದ ಅಕ್ಕಿಯನ್ನು ಪೂರ್ತಿ ಬಸಿದು, ಅರೆಯುವ ಕಲ್ಲಿನಲ್ಲಿ ನೀರು ಚಿಮುಕಿಸುತ್ತ ಅರೆಯಬೇಕು. ಬೆಣ್ಣೆಯಂತಾಗಬೇಕು ಎನ್ನುವುದು ಬಾಯಿಮಾತಿನ ಅಳತೆ. ಕೈಯ ಅಳತೆ ಬೇರೆ: ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದರೆ ಒಂದು ಕಾಳೂ ಸಿಗಬಾರದು. ಮಿಕ್ಸಿ ಬಂದ ಮೇಲೆ ಐದು ನಿಮಿಷದ ಕೆಲಸವಾಯಿತು ಅಂದುಕೊಂಡವರು ಬಹಳ. ಮಿಕ್ಸಿ ತಿರುಗಬೇಕಾದರೆ ನೀರು ಹೆಚ್ಚು ಬೇಕು, ಬ್ಲೇಡು ಬಿಸಿಯಾಗಿ ಹಿಟ್ಟು ಅರೆಬೆಂದಂತಾಗುತ್ತದೆ, ಅಂಥ ಹಿಟ್ಟಿನಲ್ಲಿ ಮುಳ್ಳು ನಿಲ್ಲುವುದಿಲ್ಲ, ಮಲಗುತ್ತದೆ. ಮಿಕ್ಸಿಯಲ್ಲೇ ಅರೆದರೆ ಆಮೇಲೆ ತೆಳು ಬಟ್ಟೆಯಲ್ಲಿ ಕಟ್ಟಿ ಒಂದು ಗಂಟೆ ತೂಗುಹಾಕಿ ನೀರು ಇಳಿಸಬೇಕು. ಉಳಿಸಿದ ಹೊತ್ತು ಅಲ್ಲಿಗೇ ಹೋಯಿತು.

ಇದಕ್ಕೆ ಸೇರುವುದು ಸುಣ್ಣ. ಚಿಪ್ಪಿನ ಸುಣ್ಣ, ಎಲೆಗೆ ಹಾಕುವಂಥದ್ದು, ನೀರುಂಡು ಕೆಲವು ದಿನ ಕೂತದ್ದು. ಹೊಸದಾಗಿ ಸುಟ್ಟ ಸುಣ್ಣವನ್ನು ಅದೇ ದಿನ ಕದಡಿ ಮುಖಕ್ಕೆ ಇಟ್ಟರೆ ಚರ್ಮ ಬೇಯುತ್ತದೆ, ಉತ್ಪ್ರೇಕ್ಷೆಯ ಮಾತಲ್ಲ. ನಾವು ಹಿಡಿಯುತ್ತಿದ್ದ ಲೆಕ್ಕ ನಾಲ್ಕು ಪಾಲು ಹಿಟ್ಟಿಗೆ ಒಂದು ಪಾಲು ಸುಣ್ಣ. ಒದ್ದೆ ಹವೆ ಇರುವ ತಿಂಗಳಲ್ಲಿ ಸುಣ್ಣ ತುಸು ಮುಂದೆ, ಚಳಿಗಾಲದ ಒಣಗಾಳಿಯಲ್ಲಿ ತುಸು ಹಿಂದೆ. ಅಕ್ಕಿ ಅಂಟಿಸುತ್ತದೆ, ಸುಣ್ಣ ಗಾಳಿ ಕುಡಿದು ಗಟ್ಟಿಯಾಗುತ್ತದೆ. ಸುಣ್ಣ ಕಡಿಮೆಯಾದರೆ ಮುಳ್ಳು ಬೆವರಿಗೆ ಕರಗಿ ಕೆನ್ನೆ ಮೇಲೆ ಇಳಿಯುತ್ತದೆ, ಹೆಚ್ಚಾದರೆ ಒಣಗಿದ ಮೇಲೆ ಬಿರುಕು ಬಿಟ್ಟು ಸಿಡಿಯುತ್ತದೆ, ಜೊತೆಗೆ ಮರುದಿನ ಮುಖ ಉರಿ. ಪರೀಕ್ಷೆಗೆ ಎಡಗೈಯ ಹಿಂಬದಿಯಲ್ಲಿ ಒಂದು ಬೊಟ್ಟು ಇಟ್ಟು ಕಡ್ಡಿಯನ್ನು ನೇರ ಮೇಲಕ್ಕೆ ಎಳೆಯಿರಿ. ತುದಿ ಚೂಪಾಗಿ ನಿಂತರೆ ಹದ. ಬಾಗಿದರೆ ನೀರು ಹೆಚ್ಚು. ಕಡ್ಡಿಯೊಟ್ಟಿಗೇ ಕಿತ್ತು ಬಂದರೆ ನೀರು ಸಾಲದು.

ಬಣ್ಣದ ವೇಷವೆಂದರೆ ರಾಕ್ಷಸ ಪಾತ್ರಗಳು. ಅದರಲ್ಲಿ ರಾಜಬಣ್ಣ, ಕಾಟುಬಣ್ಣ, ಹೆಣ್ಣುಬಣ್ಣ ಎಂದು ಮೂರು ಬಗೆ. ರಾವಣನಂಥ ಗತ್ತಿನವರು ರಾಜಬಣ್ಣ, ಹಿಡಿಂಬ ಬಕರಂಥ ಕಾಡಿನವರು ಕಾಟುಬಣ್ಣ, ಶೂರ್ಪನಖಿ ತಾಟಕಿಯರು ಹೆಣ್ಣುಬಣ್ಣ. ಮೇಳದಲ್ಲಿ ಈ ಕೆಲಸ ಮಾಡುವವನಿಗೆ ಬೇರೆ ಹೆಸರು ಬೇಕಾಗುವುದಿಲ್ಲ, ಕಸುಬೇ ಹೆಸರಿನ ಮುಂದೆ ಬಂದು ಕೂರುತ್ತದೆ. ಬಣ್ಣದ ಕುಟ್ಯಪ್ಪು, ಬಣ್ಣದ ಮಾಲಿಂಗ ಎಂದೇ ಜನ ಕರೆದದ್ದು. ಮೂವತ್ತು ಚಿಲ್ಲರೆ ತಿರುಗಾಟ, ಅಂದರೆ ಮೇಳದ ಜೊತೆ ಅಷ್ಟು ವರ್ಷದ ಸಂಚಾರ, ಮುಗಿಸಿ ನಾನು ಗೆಜ್ಜೆ ಬಿಚ್ಚಿದ ಮೇಲೆ ಹೊಸಬರು ಬಂದು ಕೇಳುವುದು ಒಂದೇ ಪ್ರಶ್ನೆ: ಇಷ್ಟು ಹೊತ್ತು ಯಾಕೆ ಬೇಕು, ಬೇಗ ಮುಗಿಸುವ ದಾರಿ ಇಲ್ಲವೇ? ಹಾಗಾಗಿ ಹೊತ್ತಿನ ಲೆಕ್ಕದಲ್ಲೇ ಬರೆಯುತ್ತೇನೆ.

ಇಡೀ ರಾತ್ರಿಯ ಆಟದಲ್ಲಿ ನಮಗೆ ಹೊತ್ತು ಕೊಟ್ಟದ್ದು ಆಟದ ಕ್ರಮವೇ. ಮುಸ್ಸಂಜೆಗೆ ‘ಕೇಳಿ’ ಎಂದು ಚೆಂಡೆ ಬಡಿಯುತ್ತಾರೆ, ಇಲ್ಲಿ ಆಟ ಉಂಟು ಎಂದು ಆಚೆ ಗುಡ್ಡಕ್ಕೂ ಕೇಳಲಿ ಅಂತ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಚಪ್ಪರದಲ್ಲಿ, ದೇವರ ಪೆಟ್ಟಿಗೆಗೆ ಪೂಜೆಯಾಗುತ್ತದೆ. ಆಮೇಲೆ ರಂಗಸ್ಥಳದಲ್ಲಿ ಕೋಡಂಗಿ, ಬಾಲಗೋಪಾಲರು, ಸ್ತ್ರೀವೇಷ ಹೀಗೆ ಪೂರ್ವರಂಗ ನಡೆಯುತ್ತದೆ. ಕಲಿಯುವ ಮಕ್ಕಳು ಅಲ್ಲಿ ಕಾಲು ಕುಟ್ಟುತ್ತಿರುವಾಗ ಬಣ್ಣದವ ಕನ್ನಡಿ ಎದುರು ಕೂತಿರುತ್ತಾನೆ. ಪ್ರವೇಶ ಒಂದು ಗಂಟೆಗೋ ಎರಡಕ್ಕೋ. ಒಂಬತ್ತಕ್ಕೆ ಕೂತರೆ ನಾಲ್ಕು ತಾಸು ಕೈಯಲ್ಲಿದೆ.

ಕೂರುವ ಮೊದಲು ಊಟ. ಗಂಜಿ, ಒಂದು ಚಟ್ನಿ, ಸಾಕು. ಹೊಟ್ಟೆ ತುಂಬ ಉಂಡವನು ಸೊಂಟಕ್ಕೆ ಹಗ್ಗ ಬಿಗಿದಾಗ ಪಶ್ಚಾತ್ತಾಪ ಪಡುತ್ತಾನೆ. ಮುಖ ಅದೇ ದಿನ ಬೋಳಿಸಿರಬೇಕು, ಆದರೆ ಬೆಳಿಗ್ಗೆಯೇ. ಸಂಜೆ ಬೋಳಿಸಿದ ಹಸಿ ಚರ್ಮದ ಮೇಲೆ ಸುಣ್ಣ ಬಿದ್ದರೆ ಆ ರಾತ್ರಿ ಪಾತ್ರದ ಸಿಟ್ಟೆಲ್ಲ ನಿಜವೇ. ತಲೆಗೂದಲನ್ನು ಬಟ್ಟೆಯಿಂದ ಹಿಂದಕ್ಕೆ ಬಿಗಿದು, ಮುಖಕ್ಕೆ ತೆಂಗಿನೆಣ್ಣೆ ಸವರಿ, ಅರ್ಧ ಒರೆಸಿ ತೆಗೆಯಬೇಕು. ಎಣ್ಣೆ ಇಲ್ಲದಿದ್ದರೆ ಬೆಳಿಗ್ಗೆ ಬಣ್ಣ ಬಿಡುವುದಿಲ್ಲ, ಜಾಸ್ತಿ ಇದ್ದರೆ ಚುಟ್ಟಿ ಕಚ್ಚುವುದಿಲ್ಲ.

ತಳದ ಬಣ್ಣಕ್ಕೆ ಹಳೆಯ ಸಾಮಗ್ರಿ ನಾಲ್ಕು. ಬಿಳಿಗೆ ಸಫೇತ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಎಣ್ಣೆದೀಪದ ಮಸಿಯಿಂದ ಮಾಡಿದ ಕಾಡಿಗೆ. ಎಲ್ಲವನ್ನೂ ತೆಂಗಿನೆಣ್ಣೆಯಲ್ಲಿ ಕಲಸುವುದು. ಅರದಾಳ ಪಾಷಾಣದ ಜಾತಿ, ಇಂಗಳೀಕ ಪಾದರಸದ ಜಾತಿ. ತುಟಿಗೆ, ಕಣ್ಣಿನ ಅಂಚಿಗೆ ಆರು ತಿಂಗಳು ರಾತ್ರಿ ರಾತ್ರಿ ಹಚ್ಚಿಕೊಳ್ಳುವ ವಸ್ತುಗಳಲ್ಲ ಅವು. ಈಗಿನವರು ಅಂಗಡಿಯ ತಯಾರಿ ಬಣ್ಣ ಬಳಸುವುದನ್ನು ಕಂಡು ಹಳಬರು ಮೂಗು ಮುರಿಯುತ್ತಾರೆ. ನನ್ನ ಮಟ್ಟಿಗೆ ಆ ಒಂದು ಬದಲಾವಣೆಗೆ ತಕರಾರಿಲ್ಲ.

ಬಣ್ಣ ಹಚ್ಚುವಾಗ ಕನ್ನಡಿಗಿಂತ ಮುಖ್ಯ ಬೆಳಕು. ಈ ಮುಖ ಹುಟ್ಟಿದ್ದು ದೊಂದಿಯ ಬೆಳಕಿಗೆ. ದೊಂದಿಯ ಉರಿ ಹಳದಿ, ಅಲುಗುವಂಥದ್ದು, ಬದಿಯಿಂದ ಬರುವಂಥದ್ದು. ಚುಟ್ಟಿಯ ಮುಳ್ಳಿಗೆ ನೆರಳು ಬಿದ್ದು ನೆರಳೇ ಕುಣಿಯುತ್ತದೆ. ಪೆಟ್ರೊಮ್ಯಾಕ್ಸ್ ಬಂದಾಗಲೂ ತೊಂದರೆ ಹೆಚ್ಚಾಗಲಿಲ್ಲ. ಟ್ಯೂಬ್‌ಲೈಟ್ ಬಂದ ಮೇಲೆ ಮುಖ ಚಪ್ಪಟೆಯಾಯಿತು, ಕೆಂಪು ಕಂದಿತು. ಈಗ ಎಲ್‌ಇಡಿಯ ಬಿಳಿ ಬೆಳಕಿನಲ್ಲಿ ತಳದ ಬಣ್ಣ ತುಸು ಗಾಢ ಹಾಕಿ, ಕಪ್ಪು ಗೆರೆಯನ್ನು ಒಂದು ನೂಲು ದಪ್ಪ ಎಳೆದರೆ ಮಾತ್ರ ಹಿಂದಿನ ಸಾಲಿಗೆ ಮುಖ ಕಾಣುತ್ತದೆ. ಚೌಕಿಯಲ್ಲಿ ಹಳದಿ ಬಲ್ಬಿನಡಿ ಬರೆದ ಮುಖ ರಂಗಸ್ಥಳದಲ್ಲಿ ಬೇರೆಯದೇ ಆಗಿಬಿಡುವುದೂ ಉಂಟು. ಎರಡೂ ಕಡೆ ಒಂದೇ ಜಾತಿಯ ದೀಪ ಇರಲಿ ಎಂದು ಲೈಟಿನವರಿಗೆ ಮೊದಲೇ ಹೇಳಿಡುವುದು ಲೇಸು.

ಹಣೆಯ ನಾಮ, ಹುಬ್ಬು, ಕಣ್ಣಿನ ಸುತ್ತಿನ ಕಪ್ಪು, ಕೆನ್ನೆಯ ಕೆಂಪು ಇವಿಷ್ಟಕ್ಕೆ ಮುಕ್ಕಾಲು ತಾಸು. ಆಮೇಲೆ ಚುಟ್ಟಿ.

ಆಯುಧ ತೆಂಗಿನ ಗರಿಯ ಕಡ್ಡಿ. ಮೂರು ನಾಲ್ಕು ಬೇಕು, ಒಂದು ಸಣ್ಣ ತುದಿಯದ್ದು, ಒಂದು ಮೊಂಡು, ಇನ್ನೊಂದು ತಪ್ಪಿದ್ದನ್ನು ಎತ್ತಲು ಒಣಗಿರುವಂಥದ್ದು. ದವಡೆಯ ಅಂಚಿನಲ್ಲಿ ಮೊದಲ ಸಾಲು. ಕಡ್ಡಿಯ ತುದಿಯಲ್ಲಿ ಮೆಣಸಿನ ಕಾಳಿನಷ್ಟು ಹಿಟ್ಟು ತೆಗೆದು ಇಟ್ಟು, ಎಳೆದು, ಬಿಡುವುದು. ಇಡುವುದು, ಎಳೆಯುವುದು, ಬಿಡುವುದು. ಒಂದು ಕೆನ್ನೆಯ ಒಂದು ಸಾಲು ಮುಗಿದ ಕೂಡಲೇ ಇನ್ನೊಂದು ಕೆನ್ನೆಯ ಅದೇ ಸಾಲು. ಬಲಗೆನ್ನೆ ಪೂರ್ತಿ ಮುಗಿಸಿ ಎಡಕ್ಕೆ ಹೋಗುವವನ ಮುಖ ಯಾವತ್ತೂ ಓರೆ. ಯಾಕೆಂದರೆ ಎರಡನೆಯ ಕೆನ್ನೆಗೆ ಬರುವಾಗ ಹಿಟ್ಟು ಗಟ್ಟಿಯಾಗಿರುತ್ತದೆ, ಕೈ ಸೋತಿರುತ್ತದೆ, ಅದೇ ಅಳತೆ ಸಿಗುವುದಿಲ್ಲ. ಬಲಗೈಯವನಿಗೆ ಎಡಗೆನ್ನೆ ಸುಲಭ ಅಂತ ತೋರುತ್ತದೆ, ಆದರೆ ಅಲ್ಲಿ ತನ್ನ ಕೈಯೇ ಕನ್ನಡಿಗೆ ಅಡ್ಡ. ಸಣ್ಣ ಕನ್ನಡಿಯನ್ನು ತುಸು ಓರೆಯಾಗಿ, ಗಲ್ಲಕ್ಕಿಂತ ಕೆಳಗೆ ಇಟ್ಟುಕೊಂಡರೆ ಅದು ತಪ್ಪುತ್ತದೆ.

ಮೊದಲ ಬೊಟ್ಟು ಒಣಗಿದ ಮೇಲೆ ಅದರ ನೆತ್ತಿಗೆ ಎರಡನೆಯದು, ಅದು ಒಣಗಿದ ಮೇಲೆ ಮೂರನೆಯದು. ಒಂದೇ ಸಲಕ್ಕೆ ದೊಡ್ಡ ಮುದ್ದೆ ಇಟ್ಟು ಅರ್ಧ ಇಂಚು ಎಬ್ಬಿಸುತ್ತೇನೆ ಅಂದರೆ ಹೊರಗೆ ಒಣಗಿ ಒಳಗೆ ಹಸಿ ಉಳಿಯುತ್ತದೆ. ಎರಡು ಗಂಟೆಗೆ ಕುಣಿಯುವಾಗ ಆ ಮುಳ್ಳು ಬುಡಸಮೇತ ಕಿತ್ತು ಬೀಳುವುದು ಖಂಡಿತ, ಬೀಳುವುದು ಬಾಯಿಯ ಪಕ್ಕದ್ದೇ. ಬಾಯಿಯ ಪಕ್ಕದ ಎರಡು ಬೆರಳಗಲ ಜಾಗದಲ್ಲಿ ಮುಳ್ಳು ಸಣ್ಣದಿರಬೇಕು, ಅಲ್ಲಲ್ಲಿ ಬಿಡುವೂ ಇರಬೇಕು. ಅರ್ಥ, ಅಂದರೆ ಪಾತ್ರದ ಮಾತು, ಹೇಳಲು ತುಟಿ ತೆರೆಯುವ ಜಾಗ ಅದು. ಒತ್ತಾಗಿ ಇಟ್ಟವರು ‘ಎಲವೋ’ ಅನ್ನುವುದರೊಳಗೆ ಅರ್ಧ ಗಡ್ಡ ಕಳೆದುಕೊಳ್ಳುತ್ತಾರೆ.

ಒಣಗಿಸುವ ವಿಷಯದಲ್ಲಿ ಎಲ್ಲರೂ ಅವಸರ ಪಡುವುದು ಸಹಜ, ಎಲ್ಲರೂ ತಪ್ಪುವುದೂ ಅಲ್ಲೇ. ಟೇಬಲ್ ಫ್ಯಾನಿನ ನೇರ ಗಾಳಿ ಹೊರಪದರವನ್ನು ಮೊದಲು ಬಿಗಿಸುತ್ತದೆ, ಬಿರುಕು ಬರುತ್ತದೆ. ಹೇರ್ ಡ್ರೈಯರ್ ಹಿಡಿದವರೂ ಇದ್ದಾರೆ. ಬಿಸಿಗೆ ಕೆಳಗಿನ ಎಣ್ಣೆ ಕರಗಿ ಇಡೀ ಸಾಲು ಜಾರಿತು. ಬೀಸಣಿಗೆಯ ಗಾಳಿಯೇ ಸರಿ, ಅದೂ ಪಕ್ಕದಿಂದ. ಮೊದಲೆರಡು ಸಾಲು ಇಟ್ಟಲ್ಲಿಂದ ಮಾತು ಬಂದ್. ನಗು, ಆಕಳಿಕೆ, ಕೆಮ್ಮು ಎಲ್ಲ ಅಪಾಯ. ಹಾಸ್ಯಗಾರರು ಬಣ್ಣದವನ ಎದುರಿಗೇ ಬಂದು ಕೂತು ತಮಾಷೆ ಹೇಳುವುದು ಚೌಕಿಯ ಹಳೇ ಕೀಟಲೆ. ಕುಡಿಯಲು ನೀರು ಬೇಕಾದರೆ ಹಿಂದೆ ಪಪ್ಪಾಯಿ ಎಲೆಯ ದಂಟು, ಈಗ ಸ್ಟ್ರಾ.

ಪಕ್ಕದ ಕಥಕಳಿಯವರ ಚುಟ್ಟಿಗೂ ನಮ್ಮದಕ್ಕೂ ಇಲ್ಲೊಂದು ವ್ಯತ್ಯಾಸ. ಅಲ್ಲಿ ಕಲಾವಿದ ಅಂಗಾತ ಮಲಗುತ್ತಾನೆ, ಚುಟ್ಟಿ ಇಡುವುದು ಅದಕ್ಕೆಂದೇ ಕಲಿತ ಬೇರೆ ಮನುಷ್ಯ. ಅಕ್ಕಿಹಿಟ್ಟಿನ ಅಂಟಿನಲ್ಲಿ ಕತ್ತರಿಸಿದ ಕಾಗದ ಕೂರಿಸುವ ಪದ್ಧತಿಯೂ ಬಂತು. ಯಕ್ಷಗಾನದಲ್ಲಿ ವೇಷಧಾರಿ ಚಕ್ಕಳಮಕ್ಕಳ ಹಾಕಿ ಕೂತು ತನ್ನ ಮುಖವನ್ನು ತಾನೇ ಬರೆಯಬೇಕು. ಬೆನ್ನುನೋವು ಹೆಚ್ಚು, ಸಮಪ್ರಮಾಣ ಕಷ್ಟ. ಆದರೆ ತನ್ನ ಕೆನ್ನೆಯ ಯಾವ ಸ್ನಾಯು ಎಲ್ಲಿ ಎಳೆಯುತ್ತದೆ ಎಂದು ಅವನಿಗಿಂತ ಚೆನ್ನಾಗಿ ಇನ್ನೊಬ್ಬನಿಗೆ ಗೊತ್ತಾಗಲು ಸಾಧ್ಯವಿಲ್ಲ. ಮೂರು ತಾಸಿಗೂ ಮಿಕ್ಕಿ ಕನ್ನಡಿಯಲ್ಲಿ ಮುಖ ತನ್ನದಲ್ಲದ್ದಾಗುತ್ತ ಹೋಗುವುದನ್ನು ನೋಡುತ್ತ ಕೂತವನು ಪಾತ್ರಕ್ಕೆ ಬೇರೆ ತಯಾರಿ ಮಾಡಿಕೊಳ್ಳಬೇಕಾಗಿಲ್ಲ.

ಕೊನೆಗೆ ಮೂಗಿನ ತುದಿಗೆ, ಹಣೆಗೆ ಹತ್ತಿಯ ಉಂಡೆ. ಅಲ್ಲಿಗೆ ಮುಖ ಮುಗಿಯಿತು. ಗಂಟೆ ಹನ್ನೆರಡೂಕಾಲು. ಈಗ ಎದ್ದು ಒಮ್ಮೆ ಹೊರಗೆ ಹೋಗಿ ಬರಬೇಕು, ಬೇಕೆನಿಸದಿದ್ದರೂ. ಇನ್ನು ಬೆಳಗಿನವರೆಗೆ ಅದಕ್ಕೆ ದಾರಿ ಇಲ್ಲ.

ಕಟ್ಟುವ ಕೆಲಸ ಒಬ್ಬನಿಂದ ಆಗದು, ನೇಪಥ್ಯದವರು ಇಬ್ಬರು ಬೇಕು. ಕಾಲಿನಿಂದ ಶುರು: ಗೆಜ್ಜೆ ಕಟ್ಟುವಾಗ ಪಾದದ ಗಂಟಿನ ಮೇಲೆ ಬಟ್ಟೆಯ ಸುತ್ತು ಇರಲೇಬೇಕು, ಇಲ್ಲದಿದ್ದರೆ ಹಗ್ಗ ಚರ್ಮ ಕೊಯ್ಯುತ್ತದೆ. ಆಮೇಲೆ ಸೊಂಟಕ್ಕೆ ಬಟ್ಟೆಯ ಮೇಲೆ ಬಟ್ಟೆ, ದೇಹ ದೊಡ್ಡದಾಗುತ್ತ ಹೋಗಬೇಕು. ದಗಲೆ ಎಂಬ ತೋಳುದ್ದದ ಅಂಗಿ, ವೀರಗಸೆ, ಕೈಕಟ್ಟು, ತೋಳುಕಟ್ಟು, ಎದೆಯ ಮೇಲೆ ಹಗುರ ಮರದಲ್ಲಿ ಕೊರೆದು ಬೇಗಡೆ ಅಂಟಿಸಿದ ಆಭರಣ, ಭುಜಕೀರ್ತಿ, ಸೋಗೆವಲ್ಲಿ. ಹಗ್ಗ ಬಿಗಿಯುವಾಗ ಉಸಿರು ತುಂಬ ಎಳೆದು ಹೊಟ್ಟೆ ಉಬ್ಬಿಸಿ ನಿಲ್ಲಬೇಕು. ಉಸಿರು ಬಿಟ್ಟಾಗ ಎರಡು ಬೆರಳು ತೂರುವಷ್ಟು ಸಡಿಲ ಸಿಗುತ್ತದೆ, ಅಬ್ಬರ ಕೊಡಲು ಆ ಎರಡು ಬೆರಳಿನ ಜಾಗವೇ ಬಂಡವಾಳ. ಹೊಸಬರು ಹೊಟ್ಟೆ ಒಳಗೆಳೆದು ನಿಲ್ಲುತ್ತಾರೆ, ಚಂದ ಕಾಣುತ್ತದೆ, ಮೂರನೇ ಸುತ್ತಿಗೆ ಕಣ್ಣು ಕತ್ತಲೆ ಬರುತ್ತದೆ. ಗಂಟು ಯಾವುದೂ ಬೆನ್ನುಮೂಳೆಯ ಮೇಲೆ ಬರಬಾರದು, ತುಸು ಪಕ್ಕಕ್ಕಿರಲಿ. ಕಚ್ಚುಗಂಟು ಬೇಡವೇ ಬೇಡ. ಜ್ಞಾನ ತಪ್ಪಿ ಬಿದ್ದವನ ಗಂಟು ಬಿಚ್ಚಲು ಕತ್ತರಿ ಹುಡುಕುವ ಪರಿಸ್ಥಿತಿ ಬರಬಾರದು ನೋಡಿ.

ಕೇಸರಿ ತಟ್ಟಿ, ತಲೆಯ ಹಿಂದೆ ಸೂರ್ಯನ ಹಾಗೆ ಅಗಲವಾಗಿ ನಿಲ್ಲುವ ಆ ಕಿರೀಟ, ಕಟ್ಟುವುದು ಎಲ್ಲಕ್ಕಿಂತ ಕೊನೆಗೆ. ಒಮ್ಮೆ ತಲೆಗೇರಿತೆಂದರೆ ಕುತ್ತಿಗೆಯ ಲೆಕ್ಕ ಶುರು. ಬೇಗ ಕಟ್ಟಿಕೊಂಡು ಅರ್ಧ ತಾಸು ಕಾದವನು ಕುಣಿಯುವ ಮೊದಲೇ ದಣಿದಿರುತ್ತಾನೆ. ತಡವಾದರೆ ಹಾಡಿ ಆಟ ನಡೆಸುವ ಭಾಗವತರು ಪದ ಹಿಡಿದು ಎಳೆಯಬೇಕಾಗುತ್ತದೆ. ಅದಕ್ಕೇ ಚೌಕಿಯಿಂದ ರಂಗಸ್ಥಳದ ನಡುವೆ ಒಬ್ಬ ಹುಡುಗ ಓಡಾಡುತ್ತಿರುತ್ತಾನೆ. “ಅಣ್ಣಾ, ಇನ್ನು ಎರಡು ಪದ ಉಂಟು” ಅಂದರೆ ತಟ್ಟಿ ಎತ್ತುವ ಹೊತ್ತು. ಹಣೆಯ ಪಟ್ಟಿ ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ಕೂರಬೇಕು, ಕಿವಿಯ ಮೇಲೆ ಹಗ್ಗ ಹಾಯಬಾರದು. ಕಟ್ಟಿದ ಮೇಲೆ ತಲೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಜೋರಾಗಿ ಒಗೆದು ನೋಡಿ. ತಟ್ಟಿ ತಲೆಯೊಂದಿಗೆ ಬಂದರೆ ಸರಿ. ಒಂದು ಕ್ಷಣ ತಡವಾಗಿ ಬಂದರೆ ಬಿಚ್ಚಿ ಮತ್ತೆ ಕಟ್ಟಿ, ಎಷ್ಟೇ ಅವಸರವಿರಲಿ.

ಪ್ರವೇಶ ತೆರೆಯ ಹಿಂದಿನಿಂದ. ಇಬ್ಬರು ಅಡ್ಡ ಬಟ್ಟೆ ಹಿಡಿದಿರುತ್ತಾರೆ, ಮೇಲೆ ತಟ್ಟಿಯ ಅಂಚು ಮಾತ್ರ ಕಾಣುತ್ತದೆ, ಚೆಂಡೆ ಏರುತ್ತದೆ. ಮುಖ ಪೂರ್ತಿ ತೋರಿಸುವುದಕ್ಕೆ ಇಲ್ಲಿ ಅವಸರ ಸಲ್ಲ. ತೆರೆ ತುಸು ತಗ್ಗಬೇಕು, ಮತ್ತೆ ಏರಬೇಕು. ಮಹಿಷಾಸುರನಾದರೆ ತೆರೆಯ ಮಾತೇ ಇಲ್ಲ, ಸಭೆಯ ಹಿಂದಿನಿಂದ ಜನರ ನಡುವೆಯೇ ದೊಂದಿ ಹಿಡಿದವರ ಜೊತೆ ನುಗ್ಗುವುದು. ಅಲ್ಲಿ ಅಪಾಯ ರಾಳದ್ದು. ರಾಳದ ಪುಡಿಯನ್ನು ದೊಂದಿಯ ಉರಿಗೆ ಎರಚಿದರೆ ಬೆಂಕಿ ಆಳೆತ್ತರ ಭಗ್ಗನೆ ಏಳುತ್ತದೆ. ಎರಚುವವನು ಗಾಳಿ ತನ್ನ ಬೆನ್ನಿಗೆ, ವೇಷ ತನ್ನ ಪಕ್ಕಕ್ಕೆ ಇರುವಂತೆ ನಿಲ್ಲಬೇಕು, ಉರಿ ವೇಷದಿಂದ ದೂರ ಓಡುವಂತೆ. ಹತ್ತಿ, ಬಟ್ಟೆ, ಬಣ್ಣದ ಕಾಗದ, ಎಣ್ಣೆ ಸವರಿದ ಮುಖ, ಇದಕ್ಕಿಂತ ಬೇಗ ಹೊತ್ತುವ ವಸ್ತು ಆ ಬಯಲಿನಲ್ಲಿ ಇನ್ನೊಂದಿರುವುದಿಲ್ಲ. ಹೊಸಬರ ಕೈಗೆ ರಾಳದ ಚೀಲ ಕೊಡಬೇಡಿ, ಮುಷ್ಟಿ ತುಂಬ ಎಸೆಯುತ್ತಾರೆ. ಮೂರು ಬೆರಳಲ್ಲಿ ಹಿಡಿದಷ್ಟು ಸಾಕು.

ರಾವಣನ ಒಡ್ಡೋಲಗದಲ್ಲಿ, ಅಂದರೆ ಅವನ ಮೊದಲ ವೈಭವದ ಪ್ರವೇಶದಲ್ಲಿ, ಹಲ್ಲುಜ್ಜುವುದು, ಮೀಯುವುದು, ಭಸ್ಮ ಹಚ್ಚುವುದು, ಶಿವಪೂಜೆ ಎಲ್ಲವೂ ಮಾತಿಲ್ಲದೆ ಅಭಿನಯದಲ್ಲೇ ಇತ್ತು. ಬಿಡಿಸಿ ಮಾಡಿದರೆ ಅರ್ಧ ತಾಸು. ಈಗ ಅದು ಐದು ನಿಮಿಷಕ್ಕೆ ಇಳಿದಿದೆ, ಕೆಲವೆಡೆ ಪೂರ್ತಿ ಹೋಗಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬೇಡವೆನ್ನುವ 2000ದ ಶಬ್ದಮಾಲಿನ್ಯ ನಿಯಮ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರು, ಎರಡೂ ಸೇರಿ ಕಾಲಮಿತಿಯ ಆಟ ಬಂತು. ಐದಾರು ತಾಸಿನಲ್ಲಿ ಪ್ರಸಂಗ ಮುಗಿಯಬೇಕು. ಜನ ಬೆಳಗಿನ ಜಾವ ತೂಕಡಿಸುವುದಕ್ಕಿಂತ ಹನ್ನೆರಡರವರೆಗೆ ಎಚ್ಚರವಾಗಿ ನೋಡುವುದು ಒಳ್ಳೆಯದೇ, ನಾನು ಅದರ ವಿರೋಧಿಯಲ್ಲ. ಆದರೆ ಬಣ್ಣದವನ ಲೆಕ್ಕ ನೋಡಿ. ಏಳಕ್ಕೆ ಆಟ, ಒಂಬತ್ತಕ್ಕೆ ಪ್ರವೇಶ ಎಂದಾದರೆ ಐದಕ್ಕೆ ಮುಖದ ಮೇಲೆ ಕಡ್ಡಿ ಇಡಬೇಕು. ಐದಕ್ಕೆ ಮೇಳದ ಬಸ್ಸು ಇನ್ನೂ ದಾರಿಯಲ್ಲಿರುತ್ತದೆ. ಹಾಗಾಗಿ ಮೂರು ಪದರದ ಮುಳ್ಳು ಒಂದು ಪದರಕ್ಕೆ ಬಂತು, ಆಮೇಲೆ ಮುಳ್ಳಿನ ಜಾಗದಲ್ಲಿ ಬಿಳಿ ಗೆರೆ ಬಂತು. ಸಭೆಯಿಂದ ನೋಡಿದವರಿಗೆ ರಾಕ್ಷಸ ಯಾಕೋ ಸಣ್ಣವನಾದ ಅನಿಸುತ್ತದೆ, ಕಾರಣ ಹೊಳೆಯುವುದಿಲ್ಲ. ಕಲಾವಿದರಿಗೆ ಉದಾಸೀನ ಎಂದು ಬೈಯುವವರು ಮೊದಲು ಗಡಿಯಾರ ನೋಡಲಿ.

ಕಾಲಮಿತಿಯಲ್ಲೂ ಮಾಡಲು ಸಾಧ್ಯವಿರುವುದು ಇಷ್ಟು. ಹಿಟ್ಟನ್ನು ಬಿಡಾರದಿಂದಲೇ ಅರೆದು ಒದ್ದೆ ಬಟ್ಟೆ ಮುಚ್ಚಿ ತನ್ನಿ, ಸುಣ್ಣ ಮಾತ್ರ ಚೌಕಿಯಲ್ಲಿ ಕಲಸಿ. ದವಡೆಯ ಎರಡು ಸಾಲು ಮತ್ತು ಹಣೆಯ ಒಂದು ಸಾಲಿಗೆ ಮೂರು ಪದರ ಬಿಡಬೇಡಿ, ನೆರಳು ಬೀಳುವುದು ಅಲ್ಲೇ. ಕೆನ್ನೆಯ ನಡುವಿನದ್ದನ್ನು ಒಂದೇ ಪದರದಲ್ಲಿ ಮುಗಿಸಿ. ಒಂದೂವರೆ ತಾಸಿನಲ್ಲಿ ಆಗುತ್ತದೆ. ಪ್ರಸಂಗ ಹಂಚುವ ಭಾಗವತರ ಹತ್ತಿರ ಕೂತು ಬಣ್ಣದ ಪ್ರವೇಶವನ್ನು ಹತ್ತರ ಮೇಲಕ್ಕೆ ತಳ್ಳಿಸಿಕೊಂಡರೆ ಇನ್ನೂ ಒಂದು ತಾಸು ಸಿಗುತ್ತದೆ. ಕೇಳಿದರೆ ಭಾಗವತರು ಇಲ್ಲವೆನ್ನುವುದಿಲ್ಲ. ಕೇಳುವವರು ಕಡಿಮೆ.

ಬಿಚ್ಚುವುದು ತಟ್ಟಿಯಿಂದ ಕೆಳಕ್ಕೆ, ಕಟ್ಟಿದ್ದರ ಉಲ್ಟಾ. ತಟ್ಟಿ ಇಳಿದ ಕೂಡಲೇ ತಲೆ ತೇಲಿದಂತಾಗುತ್ತದೆ, ಐದು ನಿಮಿಷ ಕೂತೇ ಇರಬೇಕು. ಚುಟ್ಟಿಯನ್ನು ಉಗುರಿನಿಂದ ಕೀಳಬಾರದು, ಚರ್ಮ ಸಹಿತ ಬರುತ್ತದೆ. ತೆಂಗಿನೆಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಮುಖದ ಮೇಲೆ ಹಾಸಿ ಹತ್ತು ನಿಮಿಷ ಬಿಟ್ಟರೆ ಸಾಲು ಸಾಲಾಗಿ ಸಡಿಲವಾಗುತ್ತದೆ. ಅದಾದ ಮೇಲೆ ಬಣ್ಣ ಒರೆಸಿ, ಹೆಸರುಹಿಟ್ಟು ಹಚ್ಚಿ ತಣ್ಣೀರಲ್ಲಿ ತೊಳೆಯುವುದು. ಬಿಸಿನೀರು ಮುಟ್ಟಿಸಿದರೆ ಸುಣ್ಣ ತಾಗಿದ ಜಾಗ ಮಧ್ಯಾಹ್ನದವರೆಗೂ ಉರಿಯುತ್ತದೆ. ಕಿವಿಯ ಹಿಂದೆ, ಮೂಗಿನ ಬದಿಯಲ್ಲಿ ಉಳಿದ ಹಳದಿ ಪತ್ತನಾಜೆಗೆ, ತಿರುಗಾಟ ಮುಗಿಯುವ ಆ ದಿನಕ್ಕೆ, ಮೇಳ ಗೆಜ್ಜೆ ಬಿಚ್ಚುವವರೆಗೂ ಪೂರ್ತಿ ಹೋಗುವುದಿಲ್ಲ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಉಳಿದ ಹಿಟ್ಟನ್ನು ಮರುದಿನಕ್ಕೆ ಎತ್ತಿಡುವಂತಿಲ್ಲ, ಬೆಳಗಾಗುವುದರೊಳಗೆ ಹುಳಿ ಬಂದಿರುತ್ತದೆ. ಬಟ್ಟಲನ್ನು ಆಗಲೇ ತೊಳೆಯಬೇಕು. ಸುಣ್ಣ ಸೇರಿದ ಹಿಟ್ಟು ಬಟ್ಟಲಿನಲ್ಲಿ ಒಣಗಿತೋ, ಮಧ್ಯಾಹ್ನ ಕೆರೆಯಲು ಉಳಿ ಬೇಕಾಗುತ್ತದೆ.